ಮಲಗಗೊಡದ ಶುಶ್ರೂಷಕಿಯ ಮೇಲೆ ನನ್ನ ದೂರು

ಶಸ್ತ್ರಚಿಕಿತ್ಸಾ ವಿಭಾಗದ ಹಿರಿಯ ಶುಶ್ರೂಷಕಿ ಪೆರ್ನಿಲ್ಲ ಹೋಲ್ಸ್ಟ್ ಅವರ ಸನ್ನಿಧಿಗೆ,

ಮಾನ್ಯರೇ,

ಲಿಮ್‌ಫ್ಯೋರ್ಡ್ ಕೊಲ್ಲಿಯ ದಡದ ಈ ಊರಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಡೇನಿಷ್ ಭಾಷೆಯನ್ನೂ ಲೆಕ್ಕವನ್ನೂ ಕಲಿಸಿ ನಿವೃತ್ತಳಾದವಳೂ, ದೋಣಿ ರಿಪೇರಿಯ ವೆರ್ನರ್ ಎಂಬುವರ ಹೆಂಡತಿಯೂ, ಹೋದ ತಿಂಗಳಷ್ಟೇ ತನ್ನ ದೊಡ್ಡ ಕರುಳಿನ ಒಂದು ಗೇಣನ್ನು ತಮ್ಮ ಆಸ್ಪತ್ರೆಗೆ ಒಪ್ಪಿಸಿ ಬಂದವಳೂ ಆದ ಸೋಲ್ವೈ ಕ್ರಾಬೆ ಎಂಬ ನಾನು, ತಮಗೆ ಗೌರವಪೂರ್ವಕ ವಂದನೆಗಳನ್ನು ಅರ್ಪಿಸಿ, ತಮ್ಮ ಮೇಲೆ ಈ ದೂರನ್ನು ಬಹಿರಂಗವಾಗಿ ದಾಖಲಿಸುತ್ತಿದ್ದೇನೆ. ನಮ್ಮ ವಾರಪತ್ರಿಕೆಯ ಸಂಪಾದಕರೂ ನನ್ನ ಹಳೆಯ ವಿದ್ಯಾರ್ಥಿಯೇ ಆದ್ದರಿಂದ, ನಾನು ಕೊಟ್ಟದ್ದನ್ನು ಅಚ್ಚು ಹಾಕದೇ ಇರುವಷ್ಟು ಧೈರ್ಯ ಅವರಿಗೆ ಇನ್ನೂ ಬಂದಿರಲಾರದು ಎಂದು ನಂಬಿದ್ದೇನೆ.

ಮೊದಲು ನಾನು ಸರ್ಕಾರದ ಜಾಲತಾಣದಲ್ಲಿರುವ ದೂರಿನ ನಮೂನೆಯನ್ನೇ ತುಂಬಲು ಕೂತಿದ್ದೆ. ಅದರಲ್ಲಿ ತಪ್ಪು ಶುಶ್ರೂಷೆಗೆ ಒಂದು ಖಾನೆ, ತಡವಾದ ಶುಶ್ರೂಷೆಗೆ ಒಂದು ಖಾನೆ, ಒರಟು ನಡವಳಿಕೆಗೆ ಒಂದು ಖಾನೆ ಇವೆ. ರೋಗಿಯ ಇಷ್ಟಕ್ಕೆ ವಿರುದ್ಧವಾಗಿ ಅವಳನ್ನು ಗುಣಪಡಿಸಿದ್ದಕ್ಕೆ ಯಾವ ಖಾನೆಯೂ ಇಲ್ಲ. ಅಷ್ಟು ದೊಡ್ಡ ಕಚೇರಿಗೆ ಹೊಳೆಯದೇ ಹೋದ ಈ ಕೊರತೆಯಿಂದಾಗಿ ನಾನು ಪತ್ರಿಕೆಯ ಮೊರೆಹೋಗಬೇಕಾಯಿತು.

ಮಾನ್ಯರೇ, ಕಾಯಿಲೆ ಎಂದರೆ ಹೇಗಿರಬೇಕು ಎಂಬುದರ ಬಗ್ಗೆ ನನಗೆ ನನ್ನದೇ ಆದ ಕಲ್ಪನೆಯಿತ್ತು. ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುವ ಮಲಪರೀಕ್ಷೆಯ ಲಕೋಟೆ, ನಾನು ಕಳಿಸಿದ ಮಾದರಿಯಲ್ಲಿ ಕಂಡ ರಕ್ತದ ಸುಳಿವು, ಆಮೇಲೆ ಕರುಳಿನೊಳಗಿನ ಗಡ್ಡೆಯ ಚಿತ್ರ, ಇಷ್ಟೂ ಆದ ಮೇಲೆ ನಾನು ಹೆದರಿದ್ದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಹೆದರಿಕೆಯ ಆಚೆ ಒಂದು ಸಮಾಧಾನವೂ ಇತ್ತು: ಆಪರೇಷನ್ ಆದ ಮೇಲೆ ಎರಡು ವಾರ ಯಾರೂ ನನ್ನನ್ನು ಏನೂ ಕೇಳದ ಹಾಗೆ ಬಿಳಿ ಹಾಸಿಗೆಯ ಮೇಲೆ ಅಲುಗಾಡದೆ ಮಲಗಬಹುದು. ಅದಕ್ಕಾಗಿ ಮೂರು ದಪ್ಪ ಕಾದಂಬರಿಗಳನ್ನೂ, ಹೊಸ ರಾತ್ರಿಯುಡುಪನ್ನೂ ಚೀಲಕ್ಕೆ ತುಂಬಿಕೊಂಡು ಸೋಮವಾರ ಬೆಳಗ್ಗೆ ತಮ್ಮ ವಿಭಾಗಕ್ಕೆ ಬಂದೆ. ತರುಣ ಶಸ್ತ್ರವೈದ್ಯ ಎಸ್ಕಿಲ್ ಅವರು ಹೊಟ್ಟೆಯಲ್ಲಿ ನಾಲ್ಕು ಚಿಕ್ಕ ತೂತು ಮಾಡಿ, ಗಡ್ಡೆ ಇದ್ದ ತುಂಡನ್ನು ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿದರು. ಸಂಜೆ ಐದರ ಹೊತ್ತಿಗೆ ಕಣ್ಣು ಬಿಟ್ಟು, ನನ್ನ ವಿಶ್ರಾಂತಿಯನ್ನು ಇನ್ನೇನು ಶುರುಮಾಡಬೇಕು ಎನ್ನುವಷ್ಟರಲ್ಲಿ ತಾವು ಒಳಗೆ ಬಂದಿರಿ.

ತಮ್ಮನ್ನು ನಾನು ತಕ್ಷಣ ಗುರುತಿಸಿದೆ. ಮೂವತ್ತಾರು ವರ್ಷದ ಹಿಂದೆ ಐದನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ಭಿನ್ನರಾಶಿಯ ಪಾಠದುದ್ದಕ್ಕೂ ದವಡೆ ಆಡಿಸುತ್ತಿದ್ದ ಹುಡುಗಿಯ ಮುಖವನ್ನು ಯಾವ ಟೀಚರೂ ಮರೆಯಲಾರಳು. ತಾವು ನನ್ನ ಕೈಗೆ ಒಂದು ಲೋಟ ಕಪ್ಪು ಕಾಫಿ ಕೊಟ್ಟು, ಅದರ ಪಕ್ಕಕ್ಕೆ ಬೆಳ್ಳಿ ಕಾಗದದಲ್ಲಿ ಸುತ್ತಿದ ಚಪ್ಪಟೆಯ ವಸ್ತುವೊಂದನ್ನು ಇಟ್ಟು, ಅತ್ಯಂತ ವಿನಯದಿಂದ ಹೇಳಿದಿರಿ:

"ಚ್ಯೂಯಿಂಗ್ ಗಮ್ ಟೀಚರ್. ದಿನಕ್ಕೆ ಮೂರು ಸಲ, ಒಂದೊಂದು ಸಲ ಅರ್ಧ ಗಂಟೆ ಅಗೀಬೇಕು."

"ಯಾರು, ನಾನಾ?"

"ಹೌದು. ಅಗಿಯೋದು ಕೇಳಿದ್ರೆ ಕರುಳು ಊಟ ಬರ್ತಿದೆ ಅಂದ್ಕೊಂಡು ಎದ್ದೇಳತ್ತೆ. ಆಪರೇಷನ್ ಆದ್ಮೇಲೆ ಅದು ನಿದ್ದೆ ಹೊಡೀತಾ ಬಿದ್ಕೊಂಡ್ರೆ ಕಷ್ಟ."

"ನನ್ನ ಬಾಯಿಗೆ ಇಂಥದ್ದು ಹಾಕ್ಕೊಂಡೋಳಲ್ಲ ನಾನು."

"ಗೊತ್ತು. 'ಬಾಯಿ ಇರುವುದು ಮಾತಿಗೆ ಮತ್ತು ಊಟಕ್ಕೆ' ಅಂತ ಐವತ್ತು ಸಲ ಬರೆಸಿದ್ರಿ. ಇಪ್ಪತ್ತೊಂಬತ್ತನೇ ಸಾಲಲ್ಲಿ ಒಂದು ಅಕ್ಷರ ಬಿಟ್ಟಿದೀನಿ ಅಂತ ಇನ್ನೊಂದು ಹತ್ತು ಸಲ."

ಆಗ ತಮ್ಮ ಮುಖದ ಮೇಲಿದ್ದ ಶಾಂತಿಯನ್ನು ನಾನು ಮರೆಯಲಾರೆ. ಇಷ್ಟು ವರ್ಷ ತಾಳ್ಮೆಯಿಂದ ಕಾದು, ವೃತ್ತಿಯ ನಿಯಮಗಳನ್ನು ಒಂದಿಷ್ಟೂ ಮೀರದೆ, ವೈದ್ಯಶಾಸ್ತ್ರದ ಸಂಪೂರ್ಣ ಬೆಂಬಲದೊಂದಿಗೆ ಸೇಡು ತೀರಿಸಿಕೊಳ್ಳುವ ಅವಕಾಶ ಎಷ್ಟು ವಿದ್ಯಾರ್ಥಿಗಳಿಗೆ ಸಿಕ್ಕೀತು? ಅದಕ್ಕಾಗಿ ತಮ್ಮನ್ನು ಹೃತ್ಪೂರ್ವಕವಾಗಿ ಅಭಿನಂದಿಸುತ್ತೇನೆ.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅದೇ ಸಂಜೆ ತಾವು ನನ್ನನ್ನು ಹಾಸಿಗೆಯ ಅಂಚಿಗೆ ಕೂರಿಸಿದಿರಿ. ಮಾರನೆಯ ಬೆಳಗ್ಗೆ ಮೂತ್ರದ ನಳಿಗೆ ತೆಗೆಸಿದಿರಿ, ಕುರ್ಚಿಯ ಮೇಲೆ ಕೂತು ಊಟ ಮಾಡಬೇಕೆಂದಿರಿ, ಮೊಸರನ್ನೂ ಸೂಪನ್ನೂ ಮುಂದಿಟ್ಟಿರಿ, ನೋವಿಗೆ ಮಾರ್ಫಿನ್ ಕೇಳಿದರೆ ಅದು ಕರುಳನ್ನೂ ಮಲಗಿಸಿಬಿಡುತ್ತದೆ ಎಂದು ಹೇಳಿ, ಬೇರೆ ಮಾತ್ರೆಗಳಿಂದ ತಾಳಲಾಗದಿದ್ದರೆ ಮಾತ್ರ ಕೊಡುವುದಾಗಿ ತಿಳಿಸಿದಿರಿ. ಇಷ್ಟರ ಮೇಲೆ ಗೋಡೆಗೊಂದು ಪಟ್ಟಿ ಅಂಟಿಸಿದಿರಿ. ಎಷ್ಟು ಲೋಟ ನೀರು, ಎಷ್ಟು ಸಲ ಅಗಿತ, ಮೊಗಸಾಲೆಯಲ್ಲಿ ಎಷ್ಟು ಸುತ್ತು ನಡಿಗೆ ಎಂದು ರೋಗಿಯೇ ಗುರುತು ಹಾಕಬೇಕಾದ ಆ ಪಟ್ಟಿಯ ಕೊನೆಯ ಸಾಲಿನಲ್ಲಿ ಒಂದು ಪದವಿತ್ತು. ಅದನ್ನು ನಾನು ಇಲ್ಲಿ ಅಪಾನವಾಯು ಎಂದು ಬರೆಯುತ್ತೇನೆ. ತಾವು ಹಾಗೆ ಹೇಳಲಿಲ್ಲ. ತಾವು ದಿನಕ್ಕೆ ನಾಲ್ಕು ಸಲ ಬಾಗಿಲಿನಿಂದಲೇ, ಅಂಗಡಿಯಲ್ಲಿ ಬ್ರೆಡ್ ಬಂತೇ ಎಂದು ವಿಚಾರಿಸುವವರ ದನಿಯಲ್ಲಿ, "ಹೂಸು ಬಂತಾ ಟೀಚರ್?" ಎಂದು ಕೇಳುತ್ತಿದ್ದಿರಿ. ಮಂಗಳವಾರ ಮಧ್ಯಾಹ್ನ ಟ್ಯೂಲಿಪ್ ಹೂ ಹಿಡಿದುಕೊಂಡು ಬಂದು ಕೂತಿದ್ದ ವೆರ್ನರ್‌ನ ಎದುರಿಗೇ ಕೇಳಿದಿರಿ. ನಲವತ್ತಾರು ವರ್ಷದ ದಾಂಪತ್ಯದಲ್ಲಿ ನಮ್ಮಿಬ್ಬರ ನಡುವೆ ಆ ಪದ ಸುಳಿದಿರಲಿಲ್ಲ. ವೆರ್ನರ್ ಬಹಳ ಹೊತ್ತು ಟ್ಯೂಲಿಪ್‌ಗಳನ್ನೇ ನೋಡುತ್ತಿದ್ದ.

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ದೂರು ಕೊಡುವವಳು ತನ್ನ ಕಡೆಯ ಸಂಗತಿಯನ್ನೂ ಹೇಳಬೇಕಾದದ್ದು ನ್ಯಾಯ. ನಾನು ತಮ್ಮ ಮಾತು ಕೇಳಲಿಲ್ಲ. ತಾವು ಕೋಣೆಯಲ್ಲಿರುವಷ್ಟು ಹೊತ್ತು ದವಡೆ ಆಡಿಸುತ್ತಿದ್ದೆ. ತಮ್ಮ ಹೆಜ್ಜೆಯ ಸದ್ದು ದೂರವಾದೊಡನೆ ಆ ವಸ್ತುವನ್ನು ತೆಗೆದು ಹಾಸಿಗೆ ಪಕ್ಕದ ಮೇಜಿನ ಅಡಿಗೆ ಅಂಟಿಸಿ, ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಮೊಗಸಾಲೆಯಲ್ಲಿ ನಾಲ್ಕು ಸುತ್ತು ಎಂದು ಬರೆದ ದಿನ ನಾನು ನಡೆದದ್ದು ಬಾಗಿಲಿನವರೆಗೆ. ಹೆಜ್ಜೆ ಇಟ್ಟರೆ ಒಳಗಿನ ಹೊಲಿಗೆ ಬಿಟ್ಟುಹೋಗುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು ಎಂದರೆ ಸಾಲದು, ಖಚಿತವಾಗಿ ಗೊತ್ತಿತ್ತು. ಮೂವತ್ತೆಂಟು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ನಾನು ಎಪ್ಪತ್ತೆರಡನೇ ವಯಸ್ಸಿನಲ್ಲಿ ಸುಳ್ಳು ಉತ್ತರಪತ್ರಿಕೆ ಬರೆದೆ, ಅದೂ ಒಳ್ಳೆಯ ಕೈಬರಹದಲ್ಲಿ.

ಬುಧವಾರ ಸಂಜೆಯಿಂದ ಹೊಟ್ಟೆ ಉಬ್ಬತೊಡಗಿತು. ಗುರುವಾರ ಬೆಳಗ್ಗೆ ಅದು ತಮಟೆಯ ಹಾಗೆ ಬಿಗಿದುಕೊಂಡಿತ್ತು. ತಿಂದ ಮೊಸರು ಮಾತ್ರವಲ್ಲ, ತಿನ್ನದ ಹಸಿರು ನೀರೆಲ್ಲ ಬಾಯಿಗೆ ಬಂತು. ಎಸ್ಕಿಲ್ ಅವರು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೊಲಿಗೆ ಸೋರಿರಬಹುದೇ ಎಂದು ನೋಡಲು ಸ್ಕ್ಯಾನ್‌ಗೆ ಕಳಿಸಿದರು. ಸ್ಕ್ಯಾನ್ ಕೋಣೆಯಿಂದ ಹಿಂತಿರುಗುವಾಗ ತಾವು ನನ್ನ ಹಾಸಿಗೆಯನ್ನು ತಳ್ಳುತ್ತಿದ್ದಿರಿ, ಒಂದೂ ತಮಾಷೆ ಮಾತಾಡಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಹೊಲಿಗೆ ಗಟ್ಟಿಯಾಗಿತ್ತು. ಕರುಳು ನಿದ್ದೆ ಹೋಗಿತ್ತು, ಅಷ್ಟೆ; ಆದರೆ ಆ 'ಅಷ್ಟೆ' ಸಾಕಷ್ಟು ದೊಡ್ಡದು ಎಂದು ಎಸ್ಕಿಲ್ ಹೇಳಿದರು. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಬೇಕಾಯಿತು. ಅದಕ್ಕೆ ಜಾಗ ಮಾಡಲು ತಾವು ಮೇಜನ್ನು ಎತ್ತಿ ಪಕ್ಕಕ್ಕಿಡಲು ಹೋದಿರಿ, ತಮ್ಮ ಬೆರಳು ಅಡಿಗೆ ತಗುಲಿತು, ತಾವು ಬಗ್ಗಿ ನೋಡಿದಿರಿ. ಏಳು ಇದ್ದವು, ಸಮ ಅಂತರದಲ್ಲಿ, ಒಂದೇ ಸಾಲಿನಲ್ಲಿ. ನಾನು ಕಣ್ಣು ಮುಚ್ಚಿಕೊಂಡೆ. ಬೈಗುಳ ಬರಲಿ ಎಂದು ಕಾದೆ; ಬೈಗುಳ ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ತಾವು ನಳಿಗೆಯನ್ನು ಇಳಿಸಿ ಮುಗಿಸಿ, ನನ್ನ ಮುಖ ಒರೆಸಿ, ಕುರ್ಚಿ ಎಳೆದುಕೊಂಡು ಕೂತಿರಿ.

"ಇದರಿಂದ್ಲೇ ಹೀಗಾಯ್ತು ಅಂತ ಅಂದ್ಕೋಬೇಡಿ," ಎಂದಿರಿ. "ಎಲ್ಲಾ ಸರಿಯಾಗಿ ಮಾಡಿದೋರಿಗೂ ಒಮ್ಮೊಮ್ಮೆ ಕರುಳು ಮಲಗತ್ತೆ. ಗಮ್ ಚಿಕ್ಕ ವಿಷ್ಯ. ಆ ನಾಲ್ಕು ಸುತ್ತು ನಡೆದಿದ್ರಾ, ಅದು ಹೇಳಿ."

"ಇಲ್ಲ."

"ಎಷ್ಟು ನಡೆದ್ರಿ?"

"ಬಾಗಿಲ ತನಕ."

"ಯಾಕೆ ಟೀಚರ್?"

ಮಾನ್ಯರೇ, ತಮ್ಮ ಮೇಲಿನ ನನ್ನ ನಿಜವಾದ ದೂರು ಈ ಪ್ರಶ್ನೆಯ ಬಗ್ಗೆಯೇ. ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಮೂಗಿನಲ್ಲಿ ನಳಿಗೆ ಇಟ್ಟುಕೊಂಡು, ಮೂಗಿನಲ್ಲೇ ಮಾತಾಡುತ್ತ, ನಾನು ತಮಗೆ ಅಪ್ಪನ ವಿಷಯ ಹೇಳಿಬಿಟ್ಟೆ. ನನ್ನ ಅಪ್ಪ ಅಂಚೆಯವರು. ಚಳಿಗಾಲದಲ್ಲೂ ಮರಳ ದಿಬ್ಬಗಳ ನಡುವಿನ ಮನೆಮನೆಗೆ ಕಾಗದ ಹಂಚಿದವರು. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಅವರಿಗೂ ಕರುಳಿನ ಆಪರೇಷನ್ ಆಯಿತು. ಅಂದಿನ ಪದ್ಧತಿಯಂತೆ ಮಲಗಿರಬೇಕು, ಏನೂ ತಿನ್ನಬಾರದು, ಕಾಯಬೇಕು. ಹಾಸಿಗೆಯ ಕಾಲಿನ ಕಡೆ ಹಾಗೆಂದು ಬರೆದ ಕಾಗದ ತೂಗುಹಾಕಿದ್ದರು. ಶಾಲೆಗೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದವಳು ನಾನು. ನಾಲ್ಕನೆಯ ದಿನ ಅವರು ಹೊದಿಕೆ ಸರಿಸಿ, "ಮಗಳೇ, ಕಾಲು ಒಂದ್ಸಲ ನೆಲಕ್ಕೆ ಇಡ್ತೀನಿ, ಒಂದೇ ಸಲ," ಎಂದರು. ನಾನು ಕಾಗದ ತೋರಿಸಿ, "ಸುಮ್ನೆ ಮಲ್ಕೊಳ್ಳಿ ಅಪ್ಪ," ಎಂದು ಹೊದಿಕೆ ಎಳೆದುಬಿಟ್ಟೆ. ಐದನೆಯ ದಿನವೂ ಕೇಳಿದರು. ಆರನೆಯ ದಿನದಿಂದ ಕೇಳಲಿಲ್ಲ. ಒಂಬತ್ತನೆಯ ದಿನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತು.

ಈಗ ತಾವು ಬಂದು, ಆಪರೇಷನ್ ಆದ ದಿನವೇ ಏಳಬೇಕು, ಮಲಗಿದರೆ ಕೆಡುಕು ಎಂದು ನಗುನಗುತ್ತಾ ಹೇಳಿದರೆ, ಅದನ್ನು ಒಪ್ಪಿಕೊಂಡು ನಾನು ಎಲ್ಲಿಗೆ ಹೋಗಲಿ? ನಾನು ಎದ್ದು ನಡೆದು ಗುಣವಾಗುವುದೆಂದರೆ ಆ ಹೊದಿಕೆ ಎಳೆದದ್ದು ತಪ್ಪು ಎಂದಾಗುತ್ತಿತ್ತು. ಇದು ನನಗೂ ಆ ಗುರುವಾರ ಬಾಯಿಬಿಟ್ಟು ಹೇಳುವವರೆಗೆ ಗೊತ್ತಿರಲಿಲ್ಲ.

ತಾವು ನನಗೆ ಸುಲಭದ ಸಮಾಧಾನ ಹೇಳಬಹುದಾಗಿತ್ತು. ಹೇಳಲಿಲ್ಲ. ನಳಿಗೆಯ ಚೀಲದಲ್ಲಿ ತುಂಬುತ್ತಿದ್ದ ಹಸಿರು ನೀರಿನ ಅಳತೆ ನೋಡಿಕೊಂಡು ಎಂದಿರಿ:

"ಅವರು ಎದ್ದು ನಡೆದಿದ್ರೆ ಬದುಕ್ತಿದ್ರು ಅಂತ ನಾನು ಹೇಳಲ್ಲ. ಬದುಕ್ತಿರ್ಲಿಲ್ಲ ಅಂತಾನೂ ಹೇಳಲ್ಲ. ನಂಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಆ ಕಾಗದ ಬರೆದೋರು ಕೆಟ್ಟೋರಲ್ಲ, ಅದನ್ನ ಓದಿ ಹಾಗೇ ನಡೆಸಿದ ನೀವೂ ಕೆಟ್ಟೋರಲ್ಲ. ಆವತ್ತು ನಾನು ಅಲ್ಲಿ ನರ್ಸ್ ಆಗಿದ್ರೆ ನಾನೂ ಹೊದಿಕೆ ಎಳೀತಿದ್ದೆ."

ನಾನು ಹೊದಿಕೆಯನ್ನು ಕಾಲಿನಿಂದ ಸರಿಸಿದೆ.

"ಈಗ ಕಾಗದ ಬದಲಾಗಿದೆ ಟೀಚರ್," ಎಂದು ತಾವು ನನ್ನ ಚಪ್ಪಲಿಗಳನ್ನು ಹಾಸಿಗೆಯ ಕೆಳಗಿನಿಂದ ಎಳೆದು ಪಾದದ ಹತ್ತಿರ ಜೋಡಿಸಿದಿರಿ. "ಕಾಲು ಇಡಿ."

ಇಟ್ಟೆ. ತಾವು ಒಂದು ಕೈಯಲ್ಲಿ ಚೀಲದ ಕಂಬವನ್ನೂ, ಇನ್ನೊಂದು ಕೈಯಲ್ಲಿ ನನ್ನ ತೋಳನ್ನೂ ಹಿಡಿದಿರಿ. ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೊಳ್ಳಲು ಹೇಳಿಕೊಟ್ಟಿರಿ. ಹಾಗೆ ಹಿಡಿದರೆ ಕೆಮ್ಮಿದರೂ ನೋವು ಕಡಿಮೆ. ಮೊಗಸಾಲೆಯ ಕೊನೆಯ ಕಿಟಕಿಯವರೆಗೆ ಅರವತ್ತೆರಡು ಹೆಜ್ಜೆ. ಅಲ್ಲಿ ನಿಂತು ಉಸಿರು ತೆಗೆದುಕೊಂಡೆವು. ಹೊರಗೆ ಗಾಳಿಗೆ ಫ್ಯೋರ್ಡಿನ ನೀರು ಬೂದಿಬಣ್ಣದಲ್ಲಿ ಕದಡಿತ್ತು. ಹೊಲಿಗೆ ಬಿಡಲಿಲ್ಲ. ಗುರುವಾರ ಎರಡು ಸುತ್ತು, ಶುಕ್ರವಾರ ಐದು. ಪಟ್ಟಿಯಲ್ಲಿ ನನ್ನ ಹಳೆಯ ಸುಳ್ಳುಗಳನ್ನು ನಾನೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ. ತಾವು ಕೊಟ್ಟ ಗಮ್ಮನ್ನೂ ಅರ್ಧ ಗಂಟೆ ಗಡಿಯಾರ ನೋಡಿಕೊಂಡು ಅಗಿದೆ. ಪುದೀನ ರುಚಿ. ಇಷ್ಟು ವರ್ಷ ನಾನು ಮಕ್ಕಳಿಂದ ಕಿತ್ತುಕೊಂಡದ್ದು ಇಷ್ಟು ಒಳ್ಳೆಯದು ಎಂದು ನನಗೆ ಯಾರಾದರೂ ಹೇಳಬಾರದಿತ್ತೇ?

ಶನಿವಾರ ಹನ್ನೊಂದು ಗಂಟೆಗೆ ನಡೆದದ್ದನ್ನು ಸಾಧ್ಯವಾದಷ್ಟು ಗಂಭೀರವಾಗಿ ದಾಖಲಿಸುತ್ತೇನೆ. ಮೂರನೆಯ ಸುತ್ತಿನಲ್ಲಿದ್ದೆವು. ಕಿಟಕಿಯ ಬಳಿಯ ಬೆಂಚಿನ ಮೇಲೆ ವೆರ್ನರ್ ಪತ್ರಿಕೆ ಓದುತ್ತಿದ್ದ. ಎದುರಿನಿಂದ ಎಸ್ಕಿಲ್ ಬರುತ್ತಿದ್ದರು. ಆಗ ಅಪಾನವಾಯುವು, ಐದು ದಿನ ಸಂಗ್ರಹಿಸಿಟ್ಟುಕೊಂಡಿದ್ದ ತನ್ನ ಎಲ್ಲ ಅಭಿಪ್ರಾಯಗಳನ್ನೂ ಒಮ್ಮೆಲೇ, ಯಾವ ಅಲ್ಪವಿರಾಮವೂ ಇಲ್ಲದೆ, ಮೊಗಸಾಲೆಯ ಎರಡೂ ತುದಿಗೆ ಕೇಳುವಂತೆ ಮಂಡಿಸಿತು. ವೆರ್ನರ್ ಪತ್ರಿಕೆಯಿಂದ ತಲೆ ಎತ್ತದೆ, "ನಾನಲ್ಲ," ಎಂದ.

ತಾವು ಚೀಲದ ಕಂಬ ಹಿಡಿದುಕೊಂಡೇ ಗೋಡೆಗೊರಗಿ ನಕ್ಕಿರಿ. ನಗುತ್ತಾ ಇದ್ದವರು ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ. ಟೀಚರುಗಳ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ. ಎಸ್ಕಿಲ್ ಅವರು ನನ್ನ ಕೈ ಕುಲುಕಿ, "ಈ ವಾರ ನಾನು ಕೇಳಿದ್ರಲ್ಲೆಲ್ಲ ಒಳ್ಳೇ ಸುದ್ದಿ ಇದು, ಸೋಲ್ವೈ," ಎಂದರು. ವೆರ್ನರ್ ಎದ್ದು ಬಂದ. ಪತ್ರಿಕೆಯನ್ನು ಮಡಚುತ್ತಾ, "ಚೆನ್ನಾಗಿತ್ತು," ಎಂದ. ಮದುವೆಯಾದ ಮೇಲೆ ಅವನು ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತುಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ ಕೊಟ್ಟಿದ್ದೇನೆ.

ಭಾನುವಾರ ನಳಿಗೆ ತೆಗೆದಿರಿ. ಮಂಗಳವಾರ ಮನೆಗೆ ಕಳಿಸಿದಿರಿ, ಅದೂ ಸುಮ್ಮನೆ ಕಳಿಸಲಿಲ್ಲ: ನೀರು ಕುಡಿಯುತ್ತಿರಬೇಕು, ಸ್ವಲ್ಪಸ್ವಲ್ಪವಾಗಿ ಹಲವು ಸಲ ತಿನ್ನಬೇಕು, ಮುಕ್ಕಬಾರದು, ಭಾರ ಎತ್ತಬಾರದು, ದಿನವೂ ನಡೆಯಬೇಕು, ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಸೂಜಿಮದ್ದನ್ನು ದಿನ ತಪ್ಪಿಸಬಾರದು, ಜ್ವರ ಬಂದರೆ, ವಾಂತಿಯಾದರೆ, ಹೊಟ್ಟೆ ಮತ್ತೆ ಬಿಗಿದರೆ "ನಾಳೆ ನೋಡೋಣ ಅಂತ ಕೂರದೆ" ಫೋನ್ ಮಾಡಬೇಕು ಎಂದು ವೆರ್ನರ್‌ಗೆ ಬಾಯಿಪಾಠ ಮಾಡಿಸಿದಿರಿ. ಅವನು ಅಡುಗೆಮನೆಯಲ್ಲಿ ಅದನ್ನು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಾ ನನಗೆ ಓಟ್ಸ್ ಗಂಜಿ ಕಾಯಿಸುತ್ತಾನೆ. ಬೆಳಗ್ಗೆ ಬಂದರು ತನಕ ನಡೆಸಿಕೊಂಡು ಹೋಗುತ್ತಾನೆ. ತೆಗೆದ ತುಂಡಿನ ಪರೀಕ್ಷೆಯ ವರದಿ ಹೋದ ವಾರ ಬಂತು. ಗಡ್ಡೆ ಹೊರಗೆ ಹಬ್ಬಿರಲಿಲ್ಲ. ಮುಂದಿನ ಚಿಕಿತ್ಸೆ ಬೇಡ, ಆಗಾಗ ತೋರಿಸಿಕೊಂಡರೆ ಸಾಕು.

ಹೀಗೆ ತಾವು ನನ್ನಿಂದ ಎರಡು ವಾರದ ವಿಶ್ರಾಂತಿಯನ್ನೂ, ಮೂರು ದಪ್ಪ ಕಾದಂಬರಿಗಳನ್ನೂ, ನಲವತ್ತಾರು ವರ್ಷದ ದಾಂಪತ್ಯದ ಮರ್ಯಾದೆಯನ್ನೂ, ಇನ್ನೂ ಹೆಸರಿಡಲಾಗದ ಒಂದು ಹಳೆಯ ಭಾರವನ್ನೂ ಕಿತ್ತುಕೊಂಡಿರುವುದರಿಂದ, ಪರಿಹಾರವಾಗಿ ಈ ಕೆಳಗಿನವನ್ನು ಸಂಬಂಧಪಟ್ಟವರಿಂದ ದೊರಕಿಸಿಕೊಡಬೇಕೆಂದು ವಿನಂತಿ. ಸಂಪೂರ್ಣ ಗುಣವಾದ ಮೇಲೆ, ಏನೂ ಕಾಯಿಲೆಯಿಲ್ಲದ ನನ್ನನ್ನು ತಮ್ಮ ವಿಭಾಗದ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಂದು ವಾರ ಯಾರೂ ಏನೂ ಕೇಳದ ಹಾಗೆ ಮಲಗಲು ಬಿಡತಕ್ಕದ್ದು. ಶನಿವಾರದ ಆ ಘಟನೆಗೆ ಮರ್ಯಾದಸ್ಥರು ಗಂಡನೆದುರು ಬಳಸಬಹುದಾದ ಒಂದು ಪದವನ್ನು ನಿಘಂಟು ಮಂಡಳಿಯವರು ಹುಡುಕಿಕೊಡತಕ್ಕದ್ದು. ನನ್ನ ತರಗತಿಯಲ್ಲಿ ಐವತ್ತು ಸಲ ಬರೆದ ಪ್ರತಿಯೊಬ್ಬರಿಗೂ ಶಿಕ್ಷಣ ಮಂತ್ರಿಗಳು ಖುದ್ದಾಗಿ ಒಂದೊಂದು ಗಮ್ ಪೊಟ್ಟಣ ತಲುಪಿಸಿ, ಮುಂದಿನ ಸಂಸತ್ ಅಧಿವೇಶನದಲ್ಲಿ ಆಯವ್ಯಯದ ಭಾಷಣ ಮುಗಿಯುವವರೆಗೆ ಆ ಮಂತ್ರಿಗಳೂ ಅಗಿದು ತೋರಿಸತಕ್ಕದ್ದು. ತಮ್ಮ ಹೆಚ್ಚುವರಿ ಹತ್ತು ಸಾಲುಗಳ ಬಗ್ಗೆ ಮಾತ್ರ ಯಾವ ಪರಿಹಾರವೂ ಇಲ್ಲ. ಆ ಅಕ್ಷರ ನಿಜವಾಗಿಯೂ ಬಿಟ್ಟುಹೋಗಿತ್ತು.

ತಮ್ಮಂಥವರು ವಿಭಾಗದಲ್ಲಿ ಇರುವವರೆಗೂ ಈ ಊರಿನ ಯಾವ ರೋಗಿಗೂ ನೆಮ್ಮದಿಯಾಗಿ ಬಿದ್ದುಕೊಳ್ಳುವ ಭಾಗ್ಯ ಒದಗದಿರಲಿ ಎಂದು ಹಾರೈಸುತ್ತಾ,

ಇಂತಿ, ನಡೆಯುತ್ತಲೇ ಇರುವ ತಮ್ಮ ವಿಶ್ವಾಸಿ,
ಸೋಲ್ವೈ ಕ್ರಾಬೆ

ಮರೆತ ಮಾತು: ಮಂಗಳವಾರ ತಾವು ಬರೆದುಕೊಟ್ಟ ಬಿಡುಗಡೆ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ಹಿಂತಿರುಗಿಸಿದ್ದೇನೆ. ಕಾಗುಣಿತದ ತಪ್ಪು ಮೂರು, ಒಂದು ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಐದನೇ ತರಗತಿಯಿಂದ ತಾವು ಹೆಚ್ಚೇನೂ ಮುಂದೆ ಬಂದಿಲ್ಲ ಎಂದು ವಿಷಾದದಿಂದ ತಿಳಿಸುತ್ತೇನೆ. 'ರೋಗಿಯು ಯಾರ ನೆರವೂ ಇಲ್ಲದೆ ನಡೆದಿದ್ದಾರೆ' ಎಂಬ ಕೊನೆಯ ಸಾಲಿನಲ್ಲಿ ಅಕ್ಷರದ ತಪ್ಪು ಒಂದೂ ಇಲ್ಲ. ಆದರೂ ಪೂರ್ತಿ ಸಾಲನ್ನು ಹೊಡೆದುಹಾಕಿದ್ದೇನೆ, ಅದು ನಿಜವಲ್ಲ.